ಕಾರಾಪುರದ ಸಾಬು: ಒಬ್ಬ ಮಾವುತಪುತ್ರನ ಚರಿತ್ರೆಯೂ ಅದರ ಆಧಾರಗಳೂ

೧

ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮವೇ ಹೊಯ್ಸಳರ ಮೂಲಸ್ಥಾನವಾದ ಸೊಸೆವೂರೆಂಬುದು ಚರಿತ್ರಕಾರರಿಗೆ ವಿದಿತವಾದ ವಿಷಯ. ಅಲ್ಲಿ ಜೈನಮುನಿಯೊಬ್ಬನ ಮಾತಿನಂತೆ ಸಳನೆಂಬ ವೀರನು ಮೇಲೆ ಬಿದ್ದ ಹುಲಿಯನ್ನು ಹೊಡೆದನೆಂಬ ಕಥೆ ೧೨ನೆಯ ಶತಮಾನದ ಶಾಸನಗಳಲ್ಲಿ ಕಾಣಬರುತ್ತದೆ. ಕಥೆ ನಡೆದುದೋ ಕಟ್ಟಿದುದೋ ಎಂಬ ವಿಚಾರ ಹಾಗಿರಲಿ. ಮೃಗವನ್ನು ಎದುರಿಸಿದ ಒಬ್ಬ ಮನುಷ್ಯನ ಹೆಸರು ಒಂದು ರಾಜವಂಶದ ಲಾಂಛನವಾಗಿ ಬೇಲೂರು ಹಳೇಬೀಡುಗಳ ಕಲ್ಲಿನಲ್ಲಿ ನಿಂತಿತು. ಆದರೆ ಆ ಹೆಸರು ಉಳಿದುದು ಅವನು ಹುಲಿಯನ್ನು ಹೊಡೆದನೆಂಬುದರಿಂದಲ್ಲ, ಅವನ ಕುಲದವರು ಅರಸರಾದರೆಂಬುದರಿಂದ. ಅದೇ ಮಲೆಗಳಲ್ಲಿ ಕಾಡುಮೃಗಗಳೊಡನೆ ಬಾಳಿ, ಅವುಗಳ ಜಾಡನ್ನು ತಿಳಿದು, ಅವುಗಳನ್ನು ಹಿಡಿದು ಪಳಗಿಸಿದ ಉಳಿದ ಜನರ ಹೆಸರುಗಳು ಕಲ್ಲಿನಲ್ಲಿಯೂ ಇಲ್ಲ, ಕಾಗದದಲ್ಲಿಯೂ ವಿರಳ.

ಕಾಫಿಯ ತೋಟಗಳೆದ್ದ ಮೇಲೆ ಈ ಮಲೆನಾಡಿನ ವಿಷಯವಾಗಿ ಗ್ರಂಥಗಳು ಹುಟ್ಟದೆ ಇರಲಿಲ್ಲ. ಮಂಜರಾಬಾದಿನ ತೋಟಗಾರನಾದ ಎಲಿಯಟ್ಟನು ಮೈಸೂರಿನ ಚಿನ್ನ, ಬೇಟೆ, ಕಾಫಿಯ ಬೆಳೆ ಇವುಗಳನ್ನು ಕುರಿತು ಬರೆದ ಪುಸ್ತಕವು ೧೮೯೪ರಲ್ಲಿ ಪ್ರಕಟವಾಯಿತು. ಆ ಕಾಲದ ಇಂಥ ಬೇಟೆಯ ಬರಹಗಳಲ್ಲಿ ಮೃಗದ ಉದ್ದ, ಎತ್ತರ, ಕೊಂದ ದಿನ ಇವು ಸೂಕ್ಷ್ಮವಾಗಿ ದಾಖಲಾಗಿರುವುದುಂಟು. ಮೃಗದ ಬಳಿಗೆ ಕರೆದೊಯ್ದವನು ಮಾತ್ರ ಬಹುಶಃ ಅವನ ಕಸುಬಿನ ಹೆಸರಿನಿಂದಲೋ ಕುಲದ ಹೆಸರಿನಿಂದಲೋ ಸೂಚಿತನಾಗುತ್ತಾನೆ. ಈಚಿನ ವರ್ಷಗಳಲ್ಲಿ ಮೂಡಿಗೆರೆ, ಸಕಲೇಶಪುರಗಳ ಕಾಫಿತೋಟಗಳಿಗೆ ಕಾಡಾನೆಗಳು ಇಳಿದಾಗ ಕೊಡಗು ಮೈಸೂರು ಸೀಮೆಗಳ ಶಿಬಿರಗಳಿಂದ ಪಳಗಿದ ಆನೆಗಳನ್ನು ಮಾವುತರೊಡನೆ ತರಿಸುವುದು ರೂಢಿಯಾಗಿದೆ. ಆಗಲೂ ಸಮಾಚಾರಪತ್ರಿಕೆಗಳಲ್ಲಿ ಮೊದಲು ಕಾಣುವುದು ಆನೆಗಳ ಹೆಸರು.

ಆದಕಾರಣ ಮೃಗಗಳನ್ನು ಪಳಗಿಸಿದವನೊಬ್ಬನ ಜೀವನಚರಿತ್ರೆಯನ್ನು ಬರೆಯಹೊರಟವನಿಗೆ ಮೊದಲು ಎದುರಾಗುವ ಪ್ರಶ್ನೆ, ಅವನು ಏನು ಮಾಡಿದನೆಂಬುದಲ್ಲ. ಅವನ ವಿಷಯವನ್ನು ಯಾರು, ಯಾವ ಉದ್ದೇಶದಿಂದ ಬರೆದಿಟ್ಟರೆಂಬುದು. ಈ ಪ್ರಶ್ನೆಯನ್ನು ಪರೀಕ್ಷಿಸುವುದಕ್ಕೆ ಆನೆಯ ಲಾಯದಿಂದ ಚಲಚ್ಚಿತ್ರಕ್ಕೂ ಸರ್ಕಸ್ಸಿನ ಕಣಕ್ಕೂ ಹೋದ ಮೈಸೂರು ಸೀಮೆಯ ಸಾಬುವಿನ ಚರಿತ್ರೆಗಿಂತ ಹೆಚ್ಚು ಯುಕ್ತವಾದ ಉದಾಹರಣೆ ದೊರೆಯುವುದು ಕಷ್ಟ. ಅವನ ಮುಖವನ್ನು ಲೋಕವೆಲ್ಲ ಕಂಡಿತು. ಅವನ ಸರಿಯಾದ ಹೆಸರೇ ವಿವಾದಗ್ರಸ್ತವಾಗಿ ಉಳಿಯಿತು.

೨

ಕನ್ನಡ ನಾಡಿನಲ್ಲಿ ಆನೆಯ ವಿದ್ಯೆ ಪ್ರಾಚೀನವಾದುದು. ಗಂಗ ಶ್ರೀಪುರುಷನು ಗಜಶಾಸ್ತ್ರವನ್ನು ರಚಿಸಿದನೆಂದೂ, ಅವನ ಮಗ ಇಮ್ಮಡಿ ಶಿವಮಾರನು ಗಜಾಷ್ಟಕವನ್ನು ಬರೆದನೆಂದೂ ಶಾಸನಗಳಿಂದ ತಿಳಿದುಬರುತ್ತದೆ. ಗಜಾಷ್ಟಕವು ಇಂದು ಉಪಲಬ್ಧವಿಲ್ಲ. ಆದರೆ ಅದು ಹೆಂಗಸರು ಭತ್ತ ಕುಟ್ಟುವಾಗ ಹಾಡುವ ಒನಕೆವಾಡಾಗಿ ಹಬ್ಬಿತ್ತೆಂಬ ಸಂಗತಿಯನ್ನು ಸಾಹಿತ್ಯಚರಿತ್ರಕಾರರು ಎತ್ತಿ ಹೇಳಿದ್ದಾರೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಆನೆಗಳಿರುವ ಕಾಡುಗಳು, ಅವುಗಳನ್ನು ಹಿಡಿಯುವ ಕ್ರಮಗಳು, ಆನೆಯ ವಿನೋದಗಳು ಇವೆಲ್ಲವೂ ವಿವರಿಸಲ್ಪಟ್ಟಿವೆ. ಗ್ರಂಥಕರ್ತರು ಅರಸರು; ವಿದ್ಯೆಯನ್ನು ದಿನವೂ ನಡಸಿದವರು ಮಾವುತರು. ಶಾಸ್ತ್ರವು ಅರಸರ ಹೆಸರಿನಲ್ಲಿ ಉಳಿದು, ಕೈಯ ಕೆಲಸವು ಹೆಸರಿಲ್ಲದೆ ತಂದೆಯಿಂದ ಮಗನಿಗೆ ಸಂದಿತು.

ಕನ್ನಡದ ಒಂದು ಮಾತು ಇಲ್ಲಿ ವಿಚಾರಾರ್ಹವಾಗಿದೆ. ‘ಪಳಗು’ ಎಂಬ ಧಾತುವನ್ನು ಮೃಗಕ್ಕೂ ಮನುಷ್ಯನಿಗೂ ಸಮಾನವಾಗಿ ಪ್ರಯೋಗಿಸುತ್ತಾರೆ. ಪಳಗಿದ ಆನೆ ಎನ್ನುವಂತೆಯೇ ಪಳಗಿದ ಕೈ ಎನ್ನುವುದೂ ಉಂಟು. ಮಾವುತನ ಕಸುಬಿನ ತಿರುಳು ಇದರಲ್ಲಿಯೇ ಅಡಗಿದೆ. ಕತ್ತಿನ ಮೇಲೆ ಕುಳಿತವನು ಕಿವಿಯ ಹಿಂದೆ ಕಾಲಿನ ಬೆರಳುಗಳನ್ನು ಒತ್ತಿ ದಾರಿ ತೋರಿಸಬೇಕು. ಆನೆಯು ಆ ಒತ್ತಡದ ಅರ್ಥವನ್ನು ಅರಿಯಬೇಕು. ಅಂಕುಶವು ಕೈಯಲ್ಲಿದ್ದರೂ ಕೆಲಸ ನಡೆಯುವುದು ಹೆಚ್ಚಾಗಿ ಪರಿಚಯದಿಂದ. ಅವನಿಗೆ ಸಹಾಯಕನಾದ ಕಾವಾಡಿಯು ಮೇವು ತಂದು, ಮೈ ತೊಳೆದು, ಸರಪಣಿ ನೋಡಿಕೊಂಡು, ಆ ಪರಿಚಯದಲ್ಲಿಯೇ ಮುಂದೆ ಮಾವುತನಾಗುತ್ತಾನೆ. ಪಳಗುವುದು ಎರಡು ಕಡೆಯಿಂದಲೂ ಆಗಬೇಕು. ಅದಕ್ಕೆ ವರ್ಷಗಳು ಬೇಕು.

ಸರ್ಕಸ್ಸು ಈ ದೇಶಕ್ಕೆ ಬಂದುದು ಬಹಳ ಈಚೆಗೆ. ಕುರುಂದವಾಡದ ಆಶ್ರಯದಲ್ಲಿದ್ದ ವಿಷ್ಣುಪಂತ ಛತ್ರೆಯು ೧೮೮೦ರಲ್ಲಿ ತನ್ನ ಸರ್ಕಸ್ಸನ್ನು ಆರಂಭಿಸಿದನು; ತಲಶ್ಶೇರಿಯ ಕೀಲೇರಿ ಕುಞಿಕಣ್ಣನು ಆಟಗಾರರನ್ನು ತರಬೇತು ಮಾಡುವ ಶಾಲೆಯನ್ನು ಸ್ಥಾಪಿಸಿದನು. ಪುಣೆಯ ದಾಮೂ ಧೋತ್ರೆ (೧೯೦೨–೧೯೭೩) ಹುಲಿ ಚಿರತೆಗಳನ್ನು ಆಡಿಸುವವನಾಗಿ ಅಮೆರಿಕದ ರಿಂಗ್ಲಿಂಗ್ ಸರ್ಕಸ್ಸಿನವರೆಗೆ ಹೋಗಿ, ಇನ್ನೊಬ್ಬ ಲೇಖಕನ ಸಹಾಯದಿಂದ ೧೯೬೧ರಲ್ಲಿ ಆತ್ಮಕಥೆಯನ್ನು ಪ್ರಕಟಿಸಿದನು. ಧೋತ್ರೆಯ ಚರಿತ್ರೆಗೆ ಅವನ ಬಾಯಿಯ ಮಾತು ಆಧಾರವಾಗಿ ಒದಗುತ್ತದೆ. ಸಾಬುವಿನ ವಿಷಯದಲ್ಲಿ ಆ ಅನುಕೂಲವಿಲ್ಲ. ಅವನ ಬಾಲ್ಯವನ್ನು ಇತರರ ಬರಹಗಳ ಮೂಲಕವೇ ನೋಡಬೇಕಾಗಿದೆ.

೩

ಸಾಬು ಹುಟ್ಟಿದುದು ೧೯೨೪ರ ಜನವರಿ ೨೭ರಂದು, ಹೆಗ್ಗಡದೇವನಕೋಟೆ ಸೀಮೆಯಲ್ಲಿ ಕಪಿಲಾ ನದಿಯ ಬಳಿಯ ಕಾರಾಪುರದಲ್ಲಿ. ಜನ್ಮಸ್ಥಳವೇ ಒಂದು ಆಧಾರವೆನ್ನಬಹುದು. ಕಾರಾಪುರವೂ ಅದಕ್ಕೆ ಹೊಂದಿದ ಕಾಕನಕೋಟೆಯ ಕಾಡೂ ಮೈಸೂರು ಸಂಸ್ಥಾನದ ಖೆಡ್ಡಾಗಳಿಗೆ ಪ್ರಸಿದ್ಧವಾದ ನೆಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ನಾಟಕದಿಂದ ಆ ಕಾಡಿನ ಹೆಸರು ಕನ್ನಡ ಓದುಗರಿಗೆ ಪರಿಚಿತವಾಗಿದೆ.

ಖೆಡ್ಡಾದ ಚರಿತ್ರೆಯನ್ನು ಸಂಗ್ರಹವಾಗಿ ತಿಳಿಯದೆ ಈ ಬಾಲಕನ ಮನೆಯ ಸ್ಥಿತಿ ಅರ್ಥವಾಗುವುದಿಲ್ಲ. ಹೈದರನು ಕಾಕನಕೋಟೆಯ ಕಾಡಿನಲ್ಲಿ ಆನೆಗಳನ್ನು ಹಿಂಡಾಗಿ ಹಿಡಿಯಲು ಯತ್ನಿಸಿ ವಿಫಲನಾಗಿ, ಮುಂದೆ ಯತ್ನಿಸುವವರಿಗೆ ಶಾಪವನ್ನು ಕಲ್ಲಿನಲ್ಲಿ ಬರೆಸಿದನೆಂದು ಸ್ಯಾಂಡರ್ಸನ್ನನು ಹೇಳುತ್ತಾನೆ. ನೀರಾವರಿಯ ಕೆಲಸದಲ್ಲಿದ್ದ ಈ ಸ್ಯಾಂಡರ್ಸನ್ನನೇ ೧೮೭೪ರಲ್ಲಿ ಚಾಮರಾಜನಗರದ ಪ್ರಾಂತದಲ್ಲಿ ಮೊದಲ ಖೆಡ್ಡಾವನ್ನು ಸಫಲವಾಗಿ ನಡಸಿದನು. ಅವನ ಗ್ರಂಥವು ೧೮೭೮ರಲ್ಲಿ ಪ್ರಕಟವಾಯಿತು. ಕಾಡಿನಲ್ಲಿ ಹಿಂಡನ್ನು ಸುತ್ತುವರಿದು, ತಮಟೆ ಬೆಂಕಿಗಳಿಂದ ಬೆದರಿಸಿ, ಕಂದಕವೂ ಮರದ ದಿಮ್ಮಿಗಳ ಬೇಲಿಯೂ ಇರುವ ಆವರಣದೊಳಕ್ಕೆ ಅಟ್ಟಿ, ಬಾಗಿಲನ್ನು ಇಳಿಬಿಡುವುದು ಖೆಡ್ಡಾದ ಮೊದಲ ಭಾಗ. ಪ್ರೇಕ್ಷಕರು ನೋಡಿ ಮೆಚ್ಚುತ್ತಿದ್ದುದು ಇದನ್ನು. ಎರಡನೆಯ ಭಾಗವೇ ಹೆಚ್ಚು ಅಪಾಯಕರವಾದುದು. ಪಳಗಿದ ಆನೆಗಳ ಮೇಲೆ ಮಾವುತರು ಆವರಣವನ್ನು ಹೊಕ್ಕು, ಕಾಡಾನೆಯೊಂದನ್ನು ಇಕ್ಕೆಲದಲ್ಲಿಯೂ ಒತ್ತಿ ನಿಲ್ಲಿಸಿದಾಗ, ಹಗ್ಗದವನು ಕೆಳಗಿಳಿದು ಅದರ ಹಿಂಗಾಲುಗಳಿಗೆ ಕಟ್ಟು ಹಾಕಬೇಕು. ಅನಂತರ ತಿಂಗಳುಗಟ್ಟಲೆ ಪಳಗಿಸುವ ಕೆಲಸ. ರಾಜಾತಿಥಿಗಳಿಗೆ ವೈಭವವಾಗಿ ಕಂಡುದು ಮಾವುತನ ಮನೆಯವರಿಗೆ ಪ್ರಾಣಸಂಶಯದ ನೌಕರಿ. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದುದು ೧೯೭೧ರಲ್ಲಿ.

ಸಾಬುವಿನ ತಂದೆ ಅರಮನೆಯ ಆನೆಗಳ ಮಾವುತ. ತಾಯಿ ಮಗುವಿನ ಎಳೆತನದಲ್ಲಿಯೇ ತೀರಿಕೊಂಡಳೆಂದು ಹೇಳುತ್ತಾರೆ. ತಂದೆ ಸತ್ತಾಗ ಹುಡುಗನಿಗೆ ಆರು ವರ್ಷವೆಂದು ಒಂದು ಕಡೆ, ಒಂಬತ್ತೆಂದು ಇನ್ನೊಂದು ಕಡೆ ಇದೆ. ತಂದೆಯ ಮರಣಾನಂತರ ಅವನು ಅರಮನೆಯ ಗಜಶಾಲೆಯ ಆಶ್ರಯದಲ್ಲಿ ಬೆಳೆದನೆಂಬುದರಲ್ಲಿ ಆಧಾರಗಳು ಏಕಮತವಾಗಿವೆ. ತೊಟ್ಟಿಲನ್ನು ಆನೆಯೇ ಸೊಂಡಿಲಿನಿಂದ ತೂಗುತ್ತಿತ್ತೆಂಬಂತಹ ಕಥೆಗಳು ಚಲಚ್ಚಿತ್ರದ ಪ್ರಚಾರದೊಡನೆ ಹರಡಿದುವು. ಇವುಗಳನ್ನು ಚರಿತ್ರೆಯಾಗಿ ಎಣಿಸಲಾಗದು. ಆದರೆ ಇವು ಹುಟ್ಟಿದ ಬಗೆ ಗಮನಾರ್ಹ. ಅನಾಥನಾದ ಬಾಲಕನು ಆಶ್ರಯಕ್ಕಾಗಿ ಲಾಯದಲ್ಲಿ ದುಡಿಯುತ್ತಿದ್ದನೆಂಬ ಸಾಮಾನ್ಯವಾದ ಸಂಗತಿಗಿಂತ, ಆನೆಯೇ ಅವನಿಗೆ ತಾಯಿಯಾಯಿತೆಂಬ ಕಲ್ಪನೆ ದೂರದ ಓದುಗರಿಗೆ ರುಚಿಸಿತು.

೪

೧೯೩೫ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕನ್ ಚಿತ್ರಕಾರನು ಲಂಡನ್ನಿನ ಕೊರ್ಡಾ ಸಂಸ್ಥೆಯ ಪರವಾಗಿ ಮೈಸೂರಿಗೆ ಬಂದನು. ಧ್ರುವಪ್ರದೇಶದ ಜನರನ್ನು ಕುರಿತ ೧೯೨೨ರ ಚಿತ್ರದಿಂದ ಅವನು ಖ್ಯಾತನಾಗಿದ್ದನು. ಕಿಪ್ಲಿಂಗನ ಜಂಗಲ್ ಬುಕ್ಕಿನಲ್ಲಿ ಬರುವ ತೂಮಾಯಿ ಎಂಬ ಮಾವುತಬಾಲಕನ ಕಥೆಯನ್ನು ಚಿತ್ರಿಸುವುದು ಅವನ ಉದ್ದೇಶ. ನಾಲ್ಮಡಿ ಕೃಷ್ಣರಾಜ ಒಡೆಯರು ಆನೆಗಳನ್ನೂ ಇತರ ಸೌಕರ್ಯಗಳನ್ನೂ ಒದಗಿಸಿಕೊಟ್ಟರು. ಮುಖ್ಯಪಾತ್ರಕ್ಕೆ ಬಾಲಕನನ್ನು ಹುಡುಕುತ್ತಿದ್ದಾಗ ಛಾಯಾಗ್ರಾಹಕನಾದ ಬೊರಡೇಲನ ಕಣ್ಣಿಗೆ ಸಾಬು ಬಿದ್ದನು. ಅವನ ಜೊತೆಗೆ ಅಭಿನಯಿಸಿದ ಆನೆ ಐರಾವತ.

ಇಲ್ಲಿ ಒಂದು ವಿಚಿತ್ರವಾದ ಸುತ್ತು ಕಾಣುತ್ತದೆ. ಕಿಪ್ಲಿಂಗನ ಕಥೆ ನಡೆಯುವುದು ಅಸ್ಸಾಮಿನ ಕಡೆಯ ಗಾರೋ ಗುಡ್ಡಗಳಲ್ಲಿ. ಅದರಲ್ಲಿ ಬರುವ ಪೀಟರ್‌ಸನ್ ಸಾಹೇಬನಿಗೆ ಸ್ಯಾಂಡರ್ಸನ್ನನೇ ಮೂಲವೆಂದು ವಿದ್ವಾಂಸರು ಊಹಿಸಿದ್ದಾರೆ. ಸ್ಯಾಂಡರ್ಸನ್ನನು ಮೈಸೂರಿನ ಬಳಿಕ ಬಂಗಾಳದ ಸರ್ಕಾರಕ್ಕಾಗಿ ಆ ಗುಡ್ಡಗಳಲ್ಲಿಯೂ ಆನೆಗಳನ್ನು ಹಿಡಿದವನು. ಈ ಊಹೆ ಸರಿಯಾದರೆ, ಮೈಸೂರಿನ ಖೆಡ್ಡಾದಿಂದ ಹುಟ್ಟಿದ ಖ್ಯಾತಿಯೊಂದು ಆಂಗ್ಲ ಕಥೆಯಾಗಿ, ಅರುವತ್ತು ವರ್ಷಗಳ ಮೇಲೆ ಚಿತ್ರವಾಗಲು ಮರಳಿ ಮೈಸೂರಿಗೇ ಬಂದಂತಾಯಿತು. ಕಾರಾಪುರದ ನಿಜವಾದ ಮಾವುತಪುತ್ರನು ಲೇಖಕನೊಬ್ಬನು ಕಲ್ಪಿಸಿದ ಮಾವುತಪುತ್ರನ ವೇಷವನ್ನು ತೊಟ್ಟನು. ಅಂದಿನಿಂದ ವೇಷವು ಮುಂದಾಗಿ, ಮನುಷ್ಯನು ಹಿಂದಾದನು.

ಫ್ಲಾಹರ್ಟಿಯ ಪತ್ನಿ ಫ್ರಾನ್ಸೆಸಳು ಮೈಸೂರಿನಿಂದ ಬರೆದ ಕಾಗದಗಳು ೧೯೩೭ರಲ್ಲಿ ‘ಎಲಿಫೆಂಟ್ ಡ್ಯಾನ್ಸ್’ ಎಂಬ ಪುಸ್ತಕವಾಗಿ ಹೊರಬಂದುವು. ಸಾಬುವಿನ ಬಾಲ್ಯದ ವಿಷಯದಲ್ಲಿ ಸಮಕಾಲೀನವಾದ ಆಧಾರವೆಂದರೆ ಮುಖ್ಯವಾಗಿ ಇದು. ಕಣ್ಣಾರೆ ಕಂಡವಳ ಬರವಣಿಗೆಯೆಂಬುದು ಇದರ ಗುಣ. ಚಿತ್ರದ ಕೆಲಸಕ್ಕೆ ಬಂದ ಕುಟುಂಬದವಳೆಂಬುದೂ, ಆ ಹುಡುಗನ ಮನೆಮಾತಿನಲ್ಲಿ ಅವನೊಡನೆ ಮಾತನಾಡುವ ಸ್ಥಿತಿಯಲ್ಲಿ ಇರಲಿಲ್ಲವೆಂಬುದೂ ಇದರ ಮಿತಿ. ಆದುದರಿಂದ ಅವನು ಏನು ಮಾಡಿದನೆಂಬುದಕ್ಕೆ ಅದನ್ನು ಪ್ರಮಾಣವಾಗಿ ಸ್ವೀಕರಿಸಬಹುದು. ಅವನು ಏನನ್ನು ಭಾವಿಸಿದನೆಂಬುದಕ್ಕೆ ಸ್ವೀಕರಿಸುವಾಗ ಎಚ್ಚರಿಕೆ ಬೇಕು.

೧೯೩೬ರಲ್ಲಿ ಚಿತ್ರದ ಉಳಿದ ಭಾಗಕ್ಕಾಗಿ ಸಾಬುವನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋದರು. ಅಣ್ಣನು ಜೊತೆಯಲ್ಲಿ ಹೋದನು. ಡೆನ್‌ಹಮ್ಮಿನ ಚಿತ್ರಶಾಲೆಯಲ್ಲಿ ಜೋಲ್ಟಾನ್ ಕೊರ್ಡಾ ತೆಗೆದ ಭಾಗಗಳನ್ನು ಸೇರಿಸಿ ‘ಎಲಿಫೆಂಟ್ ಬಾಯ್’ ೧೯೩೭ರಲ್ಲಿ ಬಿಡುಗಡೆಯಾಯಿತು. ಆ ವರ್ಷ ವೆನಿಸ್ಸಿನಲ್ಲಿ ನಿರ್ದೇಶನಕ್ಕಾಗಿ ಅದು ಪ್ರಶಸ್ತಿಯನ್ನೂ ಪಡೆಯಿತು.

೫

ಹೆಸರಿನ ವಿಚಾರವನ್ನು ಇಲ್ಲಿ ಪ್ರತ್ಯೇಕವಾಗಿ ಪರ್ಯಾಲೋಚಿಸಬೇಕು. ದೀರ್ಘಕಾಲ ಕೋಶಗಳಲ್ಲಿಯೂ ಲೇಖನಗಳಲ್ಲಿಯೂ ಅವನ ಪೂರ್ಣನಾಮ ‘ಸಾಬು ದಸ್ತಗೀರ್’ ಎಂದೇ ಅಚ್ಚಾಯಿತು. ಈಚಿನ ಜೀವನಚರಿತ್ರಕಾರರು ಇದನ್ನು ಒಪ್ಪುವುದಿಲ್ಲ. ಅವರ ಮತದಲ್ಲಿ ಶೇಕ್ ದಸ್ತಗೀರ್ ಎಂಬುದು ಅಣ್ಣನ ಹೆಸರು. ತಮ್ಮನ ಹೆಸರು ಸೇಲಾರ್ ಶೇಕ್. ಜೊತೆಯಲ್ಲಿದ್ದ ಅಣ್ಣನ ಹೆಸರನ್ನು ಪರದೇಶದವರು ಮನೆತನದ ಹೆಸರೆಂದು ತಿಳಿದು ತಮ್ಮನಿಗೆ ಅಂಟಿಸಿದರು.

ಈ ಅಭಿಪ್ರಾಯವು ಯುಕ್ತಿಯುಕ್ತವಾಗಿ ಕಾಣುತ್ತದೆ. ಐರೋಪ್ಯರ ಪದ್ಧತಿಯಲ್ಲಿ ಪ್ರತಿಯೊಬ್ಬನಿಗೂ ಸ್ವಂತ ಹೆಸರೊಂದು, ಮನೆತನದ ಹೆಸರೊಂದು ಇರಬೇಕು. ಮೈಸೂರು ಸೀಮೆಯ ಜನಸಾಮಾನ್ಯರಲ್ಲಿ, ಹಿಂದುಗಳಾಗಲಿ ಮುಸಲ್ಮಾನರಾಗಲಿ, ಇಂಥ ಕಟ್ಟುನಿಟ್ಟು ಇರಲಿಲ್ಲ. ಶೇಕ್ ಎಂಬುದು ಗೌರವದ ಮಾತಾಗಿ ಹೆಸರಿನ ಮೊದಲಲ್ಲಿಯೂ ಬರಬಹುದು, ಕೊನೆಯಲ್ಲಿಯೂ ಬರಬಹುದು. ದಸ್ತಗೀರ್ ಎಂಬುದು ಬಗ್ದಾದಿನ ಸಂತ ಅಬ್ದುಲ್ ಖಾದರ್ ಜೀಲಾನಿಯ ಬಿರುದು. ಅವರಲ್ಲಿ ಭಕ್ತಿಯುಳ್ಳ ಮನೆಗಳಲ್ಲಿ ಮಕ್ಕಳಿಗೆ ಇಡುವ ಹೆಸರು. ಅದು ಒಬ್ಬ ಮಗನಿಗೆ ಸಲ್ಲುವುದೇ ಹೊರತು ಮನೆತನಕ್ಕಲ್ಲ. ಇನ್ನು ‘ಸಾಬು’ ಎಂಬುದು. ಸಾಹೇಬ, ಸಾಬ್, ಸಾಬರು ಎಂಬ ರೂಪಗಳು ಕನ್ನಡದ ಊರುಗಳಲ್ಲಿ ಮುಸಲ್ಮಾನರನ್ನು ಕುರಿತು ಬಳಕೆಯಲ್ಲಿರುವುದು ಎಲ್ಲರಿಗೂ ತಿಳಿದದ್ದೇ. ಲಾಯದಲ್ಲಿ ಹುಡುಗನನ್ನು ಕರೆಯುತ್ತಿದ್ದ ಮಾತೊಂದು ಅವನ ಹೆಸರಾಗಿ ನಿಂತಿರಬಹುದೆಂದು ಊಹಿಸಲವಕಾಶವಿದೆ. ಇದು ಊಹೆಯೇ ಹೊರತು ನಿರ್ಣಯವಲ್ಲ.

ಇದು ಕೇವಲ ಕಾಗುಣಿತದ ಚರ್ಚೆಯೆಂದು ತಳ್ಳಿಹಾಕುವಂತಿಲ್ಲ. ಆನೆ ಐರಾವತದ ಹೆಸರು ತಪ್ಪಿಲ್ಲದೆ ಉಳಿಯಿತು. ಏಕೆಂದರೆ ಅದು ಅರಮನೆಯ ಸ್ವತ್ತು, ಅದಕ್ಕೆ ಲೆಕ್ಕವಿತ್ತು. ಅದರ ಮೇಲೆ ಕುಳಿತವನ ಹೆಸರನ್ನು ಕೇಳಿ ಸರಿಯಾಗಿ ಬರೆದುಕೊಳ್ಳಬೇಕೆಂದು ಯಾರಿಗೂ ತೋರಲಿಲ್ಲ. ಸಂಶೋಧಕನು ಹಳೆಯ ಕಾಗದಗಳಲ್ಲಿ ‘ದಸ್ತಗೀರ್’ ಎಂಬುದನ್ನೇ ಹುಡುಕುತ್ತ ಹೋದರೆ ಅವನಿಗೆ ದೊರೆಯುವವನು ಬೇರೊಬ್ಬನು.

೬

ಸಾಬುವಿನ ಮುಂದಿನ ಜೀವನವು ಸಾರ್ವಜನಿಕವಾದ ದಾಖಲೆಗಳಲ್ಲಿ ಸ್ಪಷ್ಟವಾಗಿದೆ. ‘ದಿ ಡ್ರಮ್’ (೧೯೩೮), ‘ಥೀಫ್ ಆಫ್ ಬಾಗ್ದಾದ್’ (೧೯೪೦), ‘ಜಂಗಲ್ ಬುಕ್’ (೧೯೪೨) ಮೊದಲಾದ ಚಿತ್ರಗಳಿಂದ ಅವನು ಲೋಕಪ್ರಸಿದ್ಧನಾದನು. ೧೯೪೪ರಲ್ಲಿ ಅಮೆರಿಕದ ಪ್ರಜೆಯಾಗಿ, ಅಲ್ಲಿಯ ವಾಯುಸೇನೆಯಲ್ಲಿ ಬಾಂಬರ್ ವಿಮಾನದ ಗನ್ನರ್ ಆಗಿ ಪೆಸಿಫಿಕ್ ರಣರಂಗದಲ್ಲಿ ಸೇವೆ ಸಲ್ಲಿಸಿ, ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕವನ್ನು ಪಡೆದನು. ತೆರೆಯ ಮೇಲೆ ಅರೆಬತ್ತಲೆಯ ಕಾಡುಬಾಲಕನಾಗಿಯೇ ಕಾಣುತ್ತಿದ್ದವನು ಯುದ್ಧದಲ್ಲಿ ಆಧುನಿಕ ಯಂತ್ರವನ್ನು ನಡಸಿದನೆಂಬುದು ಸ್ಮರಣೀಯ. ಯುದ್ಧಾನಂತರ ‘ಬ್ಲ್ಯಾಕ್ ನಾರ್ಸಿಸಸ್’ (೧೯೪೭) ಎಂಬ ಚಿತ್ರದಲ್ಲಿ ಅವನ ಅಭಿನಯವನ್ನು ವಿಮರ್ಶಕರು ಗೌರವಿಸಿದರು; ಆದರೆ ಪಾತ್ರಗಳು ವಿರಳವಾಗುತ್ತ ಬಂದುವು. ಬಾಲಕನು ಬೆಳೆದು ಗಂಡಸಾದುದನ್ನು ಚಿತ್ರೋದ್ಯಮವು ಸಹಿಸಲಿಲ್ಲವೆಂದೇ ಹೇಳಬೇಕು.

ಈ ಕಷ್ಟಕಾಲದಲ್ಲಿ ಅವನು ಮರಳಿದುದು ಆನೆಯ ಬಳಿಗೆ. ೧೯೫೨ರಲ್ಲಿ ಅವನು ಇಟಲಿಯಲ್ಲಿ ಡಿ ಸೀಕಾನೊಡನೆ ಅಭಿನಯಿಸಿದ ಚಿತ್ರದ ಕಥೆಯೂ ಆನೆಯೊಂದರ ಸುತ್ತ ನಡೆಯುವಂಥದು. ಅದೇ ವರ್ಷದ ಕೊನೆಯಲ್ಲಿ ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಆನೆಗಳೊಡನೆ ಪ್ರದರ್ಶನ ಕೊಟ್ಟನು. ತಂದೆಯಿಂದಲೂ ಗಜಶಾಲೆಯಿಂದಲೂ ಬಂದ ವಿದ್ಯೆ, ಚಿತ್ರದ ಸಂಪತ್ತು ಕುಗ್ಗಿದಾಗ ಅನ್ನಕ್ಕೆ ದಾರಿಯಾಯಿತು. ಆದರೆ ಸರ್ಕಸ್ಸಿನ ಕಣದ ಕೆಲಸಕ್ಕೂ ಮಾವುತನ ಕೆಲಸಕ್ಕೂ ಅಂತರವಿದೆ. ಮಾವುತನು ಒಂದೇ ಆನೆಯೊಡನೆ ಬಹುಕಾಲ ಬಾಳುತ್ತಾನೆ. ಕಣದಲ್ಲಿ ಕೆಲವು ನಿಮಿಷಗಳ ಆಟಕ್ಕಾಗಿ ಮೃಗವು ಕಲಿತುದನ್ನೇ ಮತ್ತೆ ಮತ್ತೆ ಒಪ್ಪಿಸಬೇಕು. ಮೈಸೂರಿನಲ್ಲಿ ಕೆಲಸವಾಗಿದ್ದುದು ಲಂಡನ್ನಿನಲ್ಲಿ ನೋಟವಾಯಿತು.

ಸಾಬು ೧೯೬೩ರ ಡಿಸೆಂಬರ್ ೨ರಂದು ಹೃದಯಾಘಾತದಿಂದ ಲಾಸ್ ಏಂಜಲೀಸ್ ನಗರದ ಬಳಿ ತೀರಿಕೊಂಡನು. ಆಗ ಅವನಿಗೆ ೩೯ ವರ್ಷ. ಅವನ ಕೊನೆಯ ಚಿತ್ರವಾದ ಡಿಸ್ನಿ ಸಂಸ್ಥೆಯ ‘ಎ ಟೈಗರ್ ವಾಕ್ಸ್’ ೧೯೬೪ರಲ್ಲಿ ಬಿಡುಗಡೆಯಾಯಿತು. ಅದರಲ್ಲಿ ಸರ್ಕಸ್ಸಿನಿಂದ ತಪ್ಪಿಸಿಕೊಂಡ ಹುಲಿಯನ್ನು ಬಲ್ಲ ಭಾರತೀಯ ಶಿಕ್ಷಕನ ಪಾತ್ರ ಅವನದು; ಪಾತ್ರದ ಹೆಸರು ರಾಮ್ ಸಿಂಗ್. ಆನೆಯ ವಿದ್ಯೆಯವನಿಗೆ ಹುಲಿಯ ವಿದ್ಯೆಯನ್ನೂ, ಮೈಸೂರಿನ ಮುಸಲ್ಮಾನನಿಗೆ ಉತ್ತರದೇಶದ ಹೆಸರನ್ನೂ ಕೊಟ್ಟು ಆ ಚಿತ್ರವು ಅವನ ವೃತ್ತಿಜೀವನವನ್ನು ಮುಗಿಸಿತು. ದೂರದ ಕಣ್ಣಿಗೆ ಆನೆ ಹುಲಿಗಳ ಭೇದವಿಲ್ಲ, ಊರು ಸೀಮೆಗಳ ಭೇದವಿಲ್ಲ. ಎಲ್ಲವೂ ಒಂದೇ ಕಾಡು.

೭

ಈ ಚರಿತ್ರೆಯಿಂದ ಸಂಶೋಧಕರಿಗೆ ಕೆಲವು ಸೂತ್ರಗಳು ದೊರೆಯುತ್ತವೆ. ಮೃಗಶಿಕ್ಷಕನ ಜೀವನದಲ್ಲಿ ಪ್ರಚಾರಕ್ಕಾಗಿ ಹುಟ್ಟಿದ ಕಥೆಗಳನ್ನು ಮೊದಲು ಬೇರ್ಪಡಿಸಬೇಕು. ಆದರೆ ಅವುಗಳನ್ನು ಬಿಸುಡದೆ, ಯಾರ ಅಪೇಕ್ಷೆಗಾಗಿ ಹುಟ್ಟಿದುವೆಂದು ವಿಚಾರಿಸಬೇಕು. ಹೆಸರನ್ನು ಅವನ ಸೀಮೆಯ ರೂಢಿಯಿಂದ ಪರೀಕ್ಷಿಸಬೇಕು. ಪರದೇಶದ ರುಜುವಾತಿನ ಕಾಗದದಿಂದ ಮಾತ್ರ ನಿರ್ಣಯಿಸಬಾರದು. ಅವನ ಕೆಲಸವನ್ನು ಪ್ರದರ್ಶನದಿಂದ ಅಳೆಯದೆ, ಅದರ ಹಿಂದಿನ ಕಸುಬಿನಿಂದ ಅಳೆಯಬೇಕು. ಆನೆಗಳ ಲೆಕ್ಕವಿರುವ ಕಡೆಯಲ್ಲಿ ಮಾವುತರ ಸಂಬಳದ ಲೆಕ್ಕವೂ ಇರುವುದು ಸಂಭವ. ಮೃಗದ ಹೆಸರಿನ ಪಕ್ಕದ ಸಾಲಿನಲ್ಲಿ ಮನುಷ್ಯನನ್ನು ಹುಡುಕಬೇಕು.

ಮತ್ತೆ ಕಾಫಿಯ ಮಲೆಗಳಿಗೆ ಬರುವುದಾದರೆ, ೨೦೨೩ರ ಡಿಸೆಂಬರ್ ೪ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆಗಳನ್ನು ಹಿಡಿಯುವ ಕಾರ್ಯಾಚರಣೆಯ ಕಾಲಕ್ಕೆ ಅರ್ಜುನನೆಂಬ ಆನೆ ಕಾಡಾನೆಯೊಂದರ ಆಕ್ರಮಣದಿಂದ ಸತ್ತಿತು. ೨೦೧೨ರಿಂದ ೨೦೧೯ರವರೆಗೆ ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿಯನ್ನು ಹೊತ್ತ ಆನೆ ಅದು. ನಾಡಿನ ಜನರು ದುಃಖಪಟ್ಟರು. ಸ್ಮಾರಕವನ್ನು ನಿರ್ಮಿಸುವುದಾಗಿ ಸರ್ಕಾರವು ಪ್ರಕಟಿಸಿತು. ಇದು ಉಚಿತವೇ. ಆದರೆ ಆ ಹೋರಾಟದ ಕಾಲದಲ್ಲಿ ಆನೆಗಳ ಕತ್ತಿನ ಮೇಲೆ ಕುಳಿತು ಕಾಡನ್ನು ಹೊಕ್ಕವರು ಮನುಷ್ಯರು. ಅವರ ತಂದೆಯರು ಯಾರು, ಅವರು ವಿದ್ಯೆಯನ್ನು ಯಾರಿಂದ ಕಲಿತರು, ಆನೆಗೆ ಯಾವ ಮಾತಿನಲ್ಲಿ ಆಜ್ಞೆಯನ್ನು ಹೇಳಿದರು ಎಂಬುದನ್ನು ಅವರು ಬದುಕಿರುವಾಗಲೇ, ಅವರ ಬಾಯಿಂದಲೇ, ಅವರ ಹೆಸರನ್ನು ಸರಿಯಾಗಿ ಕೇಳಿ ಬರೆದುಕೊಳ್ಳುವುದು ಸಾಧ್ಯವಿದೆ. ಕಾರಾಪುರದ ಹುಡುಗನ ವಿಷಯದಲ್ಲಿ ೧೯೩೫ರಲ್ಲಿ ಆಗದೆ ಹೋದ ಕಾರ್ಯ ಅದು.